ವಿಕ್ಟೋರಿಯಾ ಕಾಲದ ನೀತಿ: ಬಡವರನ್ನು ತಿದ್ದುವುದಕ್ಕೋ, ದೂರ ಇಡುವುದಕ್ಕೋ?

ಬೆಳವಲದ ಓದುಗಿ:
ನಮ್ಮ ಓದುಗರ ಬಳಗದಲ್ಲಿ ಈಗ 19ನೇ ಶತಮಾನದ ಇಂಗ್ಲೆಂಡನ್ನು ಕುರಿತು ಓದುತ್ತಿದ್ದೇವೆ. ಒಂದು ವಿಷಯ ನನಗೆ ಬಗೆಹರಿಯದೆ ಉಳಿದಿರುವುದರಿಂದ ಇಲ್ಲಿ ಕೇಳುತ್ತಿದ್ದೇನೆ.

ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು ಬಡವರ ಪರಿಹಾರದ ಕಾನೂನನ್ನು ತಿದ್ದಿ, ಮೈಯಲ್ಲಿ ಶಕ್ತಿಯಿರುವವನಿಗೆ ಮನೆಯಲ್ಲಿ ಕುಳಿತಂತೆ ನೆರವು ಸಿಗಬಾರದು, ಬೇಕಿದ್ದರೆ ಅವನು ವರ್ಕ್‌ಹೌಸಿಗೆ, ಅಂದರೆ ನೆರವು ಬೇಕಾದ ಬಡವರನ್ನು ಇಟ್ಟು ದುಡಿಸುವ ಮನೆಗೆ, ಸೇರಲಿ ಎಂಬ ತತ್ತ್ವವನ್ನು ಸರ್ಕಾರ ಒಪ್ಪಿಕೊಂಡಿತ್ತು. ಅಲ್ಲಿ ಗಂಡಸರು, ಹೆಂಗಸರು, ಮಕ್ಕಳು ಎಲ್ಲರಿಗೂ ಬೇರೆ ಬೇರೆ ವಿಭಾಗ. ಕುಟುಂಬವೇ ಸಮಾಜದ ಅಡಿಪಾಯವೆಂದು ಪ್ರತಿ ಭಾನುವಾರ ಚರ್ಚಿನಲ್ಲಿ ಕೇಳಿ ಬರುತ್ತಿದ್ದವರೇ ಬಡವನ ಕುಟುಂಬದ ನಡುವೆ ಗೋಡೆ ಎಬ್ಬಿಸಿದರು. ಆದರೆ ಅದೇ ಪೀಳಿಗೆಯ ಪಾರ್ಲಿಮೆಂಟು 1842ರಲ್ಲಿ ಹೆಂಗಸರೂ ಹತ್ತು ವರ್ಷದೊಳಗಿನ ಹುಡುಗರೂ ಗಣಿಯೊಳಗೆ ಇಳಿಯಕೂಡದೆಂದು ಕಾನೂನು ಮಾಡಿತು. 1847ರಲ್ಲಿ ಬಟ್ಟೆ ಗಿರಣಿಗಳ ಹೆಂಗಸರ ಮತ್ತು ಎಳೆಯರ ದುಡಿಮೆಯನ್ನು ದಿನಕ್ಕೆ 10 ಗಂಟೆಗೆ ಇಳಿಸಿತು.

ಬಳಗದ ಬಹುಪಾಲು ಸದಸ್ಯರು ಇದನ್ನೆಲ್ಲ ಬೂಟಾಟಿಕೆ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ನನಗೆ ಅಷ್ಟು ಸುಲಭವೆನಿಸುತ್ತಿಲ್ಲ. ಅವರು ಹೇಳಿದ್ದನ್ನು ನಿಜವಾಗಿಯೂ ನಂಬಿದ್ದರೆ? ಆ ನಂಬಿಕೆಯೇ ಅಸಮಾನತೆಯನ್ನು ಗಟ್ಟಿ ಮಾಡಿತೋ, ಅಥವಾ ಅದನ್ನು ಎದುರಿಸುವ ಶಕ್ತಿಯೂ ಅದರಿಂದಲೇ ಬಂದಿತೋ? ತಿಳಿದವರು ಉದಾಹರಣೆ ಸಹಿತ ಬರೆದರೆ ಉಪಕಾರವಾಗುತ್ತದೆ.

ಚಿಕ್ಕಪೇಟೆಯವ:
ಬೂಟಾಟಿಕೆಯೇ, ಇದರಲ್ಲಿ ಚರ್ಚಿಸಲು ಏನಿದೆ? ಪಿಯಾನೋದ ಕಾಲು ಕಂಡರೂ ನಾಚಿಕೆಯೆಂದು ಅದಕ್ಕೆ ಬಟ್ಟೆ ತೊಡಿಸುತ್ತಿದ್ದ ಜನ ಅವರು.

ಹಳೆಯ ಮೇಷ್ಟ್ರು:
ಪಿಯಾನೋ ಕಾಲಿನ ಕಥೆಯನ್ನು ದಯವಿಟ್ಟು ಇಲ್ಲಿಗೇ ಬಿಡೋಣ. ಅಮೆರಿಕದಲ್ಲಿ ಸುತ್ತಾಡಿ ಬಂದ ಒಬ್ಬ ಇಂಗ್ಲಿಷ್ ಲೇಖಕ 1839ರಲ್ಲಿ ಅಮೆರಿಕನ್ನರನ್ನು ಗೇಲಿ ಮಾಡಲು ಬರೆದ ಪ್ರಸಂಗವದು. ಇಂಗ್ಲಿಷರು ಪರರ ಮೇಲೆ ಹೊರಿಸಿದ್ದ ಹಾಸ್ಯವನ್ನು ಮುಂದಿನವರು ಅವರ ತಲೆಗೇ ಕಟ್ಟಿದರು. ಇಂಥ ಕಥೆಗಳಿಂದ ಆಗುವ ತೊಂದರೆಯೆಂದರೆ, ಆ ಕಾಲದವರೆಲ್ಲ ನಗೆಪಾಟಲಿನ ಗೊಂಬೆಗಳಾಗಿ ಕಾಣುತ್ತಾರೆ, ಅವರು ಮಾಡಿದ ಕಾನೂನುಗಳ ಹಿಂದಿದ್ದ ತರ್ಕ ಮಾತ್ರ ಕಣ್ಣಿಗೆ ಬೀಳುವುದೇ ಇಲ್ಲ.

ಓದುಗಿಯವರ ಪ್ರಶ್ನೆಗೆ ಬರುತ್ತೇನೆ. 1834ರ ಕಾನೂನಿನ ತಳದಲ್ಲಿ ಒಂದು ಸೂತ್ರವಿತ್ತು: ವರ್ಕ್‌ಹೌಸಿನ ಒಳಗಿರುವವನ ಸ್ಥಿತಿ, ಹೊರಗೆ ದುಡಿದು ಬದುಕುವ ಅತ್ಯಂತ ಬಡ ಕೂಲಿಕಾರನ ಸ್ಥಿತಿಗಿಂತ ಕಡಿಮೆಯಾಗಿಯೇ ಇರಬೇಕು. ಹೊರಗಿನ ಕೂಲಿಕಾರ ಆಗಲೇ ಅರೆಹೊಟ್ಟೆಯಲ್ಲಿದ್ದನಾದ್ದರಿಂದ ಒಳಗಿನವನಿಗೆ ಅನ್ನವನ್ನು ಇನ್ನಷ್ಟು ಕಡಿಮೆ ಮಾಡುವುದು ಕಷ್ಟವಾಗಿತ್ತು. ಹಾಗಾಗಿ ಮಾನವನ್ನು ಕಡಿಮೆ ಮಾಡಿದರು. ಸಮವಸ್ತ್ರ, ಮೌನದ ಊಟ, ಕುಟುಂಬದ ಅಗಲಿಕೆ ಎಲ್ಲವೂ ಆ ಲೆಕ್ಕದಲ್ಲಿ ಬಂದವು. ಇದನ್ನು ರೂಪಿಸಿದ ಎಡ್ವಿನ್ ಚಾಡ್ವಿಕ್ ಮತ್ತು ನಸ್ಸೌ ಸೀನಿಯರ್ ತಮ್ಮನ್ನು ಕ್ರೂರಿಗಳೆಂದು ಎಂದೂ ಎಣಿಸಿರಲಿಕ್ಕಿಲ್ಲ. ನೆರವು ಸುಲಭವಾಗಿ ಸಿಕ್ಕರೆ ಮನುಷ್ಯ ಸೋಮಾರಿಯಾಗುತ್ತಾನೆ, ಕಷ್ಟವಾದರೆ ಸುಧಾರಿಸುತ್ತಾನೆ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ನನ್ನನ್ನು ಕೇಳಿದರೆ, ಆ ಪ್ರಾಮಾಣಿಕತೆಯೇ ಹೆಚ್ಚು ಅಪಾಯಕಾರಿ.

ತುಂಗಾತೀರ:
ಮೇಷ್ಟ್ರೇ, ಆ ಪ್ರಾಮಾಣಿಕ ನಂಬಿಕೆ ಆಂಡೋವರ್ ಊರಿನಲ್ಲಿ ಏನು ಮಾಡಿತೆಂಬುದನ್ನೂ ಹೇಳಬೇಕಾಗಿತ್ತು. ಅಲ್ಲಿಯ ವರ್ಕ್‌ಹೌಸಿನವರಿಗೆ ಗೊಬ್ಬರಕ್ಕಾಗಿ ಮೂಳೆ ಕುಟ್ಟುವ ಕೆಲಸ ಕೊಟ್ಟಿದ್ದರು. ಹಸಿವು ತಾಳಲಾರದೆ ಅವರು ಆ ಮೂಳೆಗಳಿಗೆ ಅಂಟಿದ್ದ ಮಾಂಸಕ್ಕೂ ಮಜ್ಜೆಗೂ ಕಿತ್ತಾಡುತ್ತಿದ್ದ ಸಂಗತಿ 1845ರಲ್ಲಿ ಬಯಲಾಯಿತು. ಪಾರ್ಲಿಮೆಂಟಿನ ಸಮಿತಿ ವಿಚಾರಣೆ ನಡೆಸಿತು, 1847ರಲ್ಲಿ ಬಡವರ ಕಾನೂನಿನ ಆಯೋಗವನ್ನೇ ತೆಗೆದು ಹೊಸ ಮಂಡಳಿ ರಚಿಸಿದರು. ಮಂಡಳಿ ಬದಲಾಯಿತೇ ಹೊರತು ಸೂತ್ರ ಬದಲಾಗಲಿಲ್ಲ.

ಇನ್ನೊಂದು ವಿಷಯ ಸತ್ತ ಮೇಲಿನದು. 1832ರ ಅಂಗರಚನಾ ಕಾನೂನಿನ ಪ್ರಕಾರ ವರ್ಕ್‌ಹೌಸಿನಲ್ಲಿ ಸತ್ತು ವಾರಸುದಾರರು ಬಾರದ ಶವಗಳನ್ನು ವೈದ್ಯಕೀಯ ಶಾಲೆಗಳಿಗೆ ಕೊಡಬಹುದಾಗಿತ್ತು. ಅದಕ್ಕೂ ಮುಂಚೆ ಛೇದನಕ್ಕೆ ಹೋಗುತ್ತಿದ್ದುದು ಕೊಲೆಗಾರರ ಶವ. ಕೊಲೆಗೆ ವಿಧಿಸುತ್ತಿದ್ದ ಶಿಕ್ಷೆಯೊಂದನ್ನು ಬಡತನಕ್ಕೆ ವರ್ಗಾಯಿಸಿದ ಹಾಗಾಯಿತಲ್ಲವೇ? ಹೊಟ್ಟೆಗೆ ಕಡಿಮೆ ಮಾಡಿಕೊಂಡಾದರೂ ಶವಸಂಸ್ಕಾರದ ಚೀಟಿಗೆ ವಾರವಾರ ಪೆನ್ನಿ ಕಟ್ಟುತ್ತಿದ್ದ ಕೂಲಿಕಾರರನ್ನು ಕಂಡು, ಇವರಿಗೆ ಹಣದ ಬೆಲೆ ತಿಳಿಯದೆಂದು ಉಪದೇಶ ಮಾಡುತ್ತಿದ್ದವರೂ ಇದ್ದರು.

ಹಳೆಯ ಮೇಷ್ಟ್ರು:
ಒಪ್ಪಿದೆ. ಆದರೆ ಚಿತ್ರ ಪೂರ್ತಿಯಾಗಲು ಎರಡು ಅಂಶ ಸೇರಿಸಬೇಕು. ಕಾನೂನು ಏನೇ ಹೇಳಿದರೂ ನೆರವು ಪಡೆಯುತ್ತಿದ್ದವರಲ್ಲಿ ಹೆಚ್ಚಿನವರು ವರ್ಕ್‌ಹೌಸಿನ ಹೊಸ್ತಿಲು ತುಳಿಯಲೇ ಇಲ್ಲ. ಮನೆಯಲ್ಲಿದ್ದವರಿಗೆ ಒಂದಿಷ್ಟು ಹಣ, ಒಂದಿಷ್ಟು ರೊಟ್ಟಿ ಕೊಡುವುದೇ ಅಗ್ಗವೆಂದು ಸ್ಥಳೀಯ ಮಂಡಳಿಗಳು ಕಂಡುಕೊಂಡಿದ್ದವು. ಹಾಗೆಯೇ 1847ರಲ್ಲಿ, ಅರವತ್ತು ದಾಟಿದ ದಂಪತಿಗಳನ್ನು ಅಗಲಿಸುವಂತಿಲ್ಲ ಎಂಬ ತಿದ್ದುಪಡಿಯೂ ಬಂತು.

ತುಂಗಾತೀರ:
ಅರವತ್ತರ ತನಕ ಅಗಲಿರಬೇಕು ಎಂದಾಯಿತು. ಮಕ್ಕಳಾಗುವ ವಯಸ್ಸು ಕಳೆಯಲೆಂದೇ ಕಾದರೋ ಏನೋ!

ಇನ್ನು ಮನೆಯಲ್ಲಿ ಸಿಗುತ್ತಿದ್ದ ನೆರವಿನ ಮಾತು. 1869ರಲ್ಲಿ ಸಚಿವ ಗೋಷೆನ್ ಹೊರಡಿಸಿದ ಟಿಪ್ಪಣಿಯ ನಂತರ ಅದನ್ನೂ ಕತ್ತರಿಸುವ ಅಭಿಯಾನವೇ ನಡೆಯಿತು. ಅದೇ ವರ್ಷ ಲಂಡನ್ನಿನಲ್ಲಿ ಹುಟ್ಟಿದ ಚಾರಿಟಿ ಆರ್ಗನೈಸೇಷನ್ ಸೊಸೈಟಿಯವರು ನೆರವು ಕೇಳಿದವರ ಮನೆಗೆ ಹೋಗಿ, ನೆರೆಹೊರೆಯವರನ್ನು ವಿಚಾರಿಸಿ, ಯೋಗ್ಯರು ಮತ್ತು ಅಯೋಗ್ಯರು ಎಂದು ಬಡವರನ್ನು ವಿಂಗಡಿಸತೊಡಗಿದರು. ಯೋಗ್ಯನಿಗೆ ದಾನ, ಅಯೋಗ್ಯನಿಗೆ ವರ್ಕ್‌ಹೌಸು. ಶ್ರೀಮಂತನ ಮನೆಗೆ ಹೋಗಿ ಅವನ ಆಸ್ತಿಗೆ ಅವನು ಯೋಗ್ಯನೇ ಎಂದು ವಿಚಾರಿಸುವ ಸಂಘವನ್ನು ಯಾರೂ ಕಟ್ಟಲಿಲ್ಲ.

ಮಂಗಳೂರಿನ ಅತ್ತೆ:
ಇಲ್ಲಿಯವರೆಗೆ ಬರೆದದ್ದೆಲ್ಲ ಚೆನ್ನಾಗಿದೆ, ಆದರೆ ಹೆಂಗಸಿನ ಮಾತು ಬಂದಾಗ ಆ ತಕ್ಕಡಿ ಇನ್ನಷ್ಟು ವಾಲುತ್ತಿತ್ತು. 1834ರ ಕಾನೂನಿನಲ್ಲೇ ಒಂದು ಕಲಮು, ಮದುವೆಯಾಗದೆ ಹುಟ್ಟಿದ ಮಗುವಿನ ಹೊಣೆಯನ್ನು ತಾಯಿಯ ತಲೆಗೆ ಹಾಕಿತು. ಅದಕ್ಕೂ ಹಿಂದೆ ತಂದೆಯನ್ನು ಹುಡುಕಿ ಹಣ ವಸೂಲಿ ಮಾಡುವ ಪದ್ಧತಿಯಿತ್ತು. ಅದರಿಂದ ಹೆಂಗಸರ ನಡತೆ ಸಡಿಲವಾಗುತ್ತದೆಂದು ಆಯೋಗದವರಿಗೆ ಅನಿಸಿತು. 1844ರಲ್ಲಿ ತಾಯಿ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದೆಂದು ತಿದ್ದಿದರೂ ಸಾಕ್ಷ್ಯ ಒದಗಿಸುವ ಭಾರ ಅವಳದೇ ಆಗಿತ್ತು.

ಅಂಥ ತಾಯಿ ಎಲ್ಲಿಗೆ ಹೋಗಬೇಕು? ಹೆಚ್ಚಿನವರು ಮನೆಗೆಲಸದ ಹುಡುಗಿಯರು. ಬಸಿರು ಕಾಣಿಸಿದ ದಿನವೇ ಕೆಲಸ ಹೋಗುತ್ತಿತ್ತು. ಲಂಡನ್ನಿನ ಫೌಂಡ್ಲಿಂಗ್ ಆಸ್ಪತ್ರೆ ಮಗುವನ್ನು ತೆಗೆದುಕೊಳ್ಳಬೇಕಾದರೆ ಅದು ಅವಳ ಮೊದಲನೆಯ ಮಗುವಾಗಿರಬೇಕು, ಅದಕ್ಕೂ ಮೊದಲು ಅವಳ ನಡತೆ ಚೆನ್ನಾಗಿತ್ತೆಂದು ಬಲ್ಲವರು ಹೇಳಬೇಕು. ಅಲ್ಲಿಯೂ ಬಾಗಿಲು ಮುಚ್ಚಿದರೆ ಉಳಿಯುತ್ತಿದ್ದುದು ದುಡ್ಡು ತೆಗೆದುಕೊಂಡು ಕೂಸುಗಳನ್ನು ಸಾಕುತ್ತೇವೆನ್ನುವವರು. ಹಾಗೆ ತಂದ ಕೂಸೊಂದನ್ನು ಸಾಯಿಸಿದ್ದಕ್ಕೆ ಮಾರ್ಗರೆಟ್ ವಾಟರ್ಸ್ ಎಂಬವಳನ್ನು 1870ರಲ್ಲಿ ಗಲ್ಲಿಗೇರಿಸಿದರು, 1872ರಲ್ಲಿ ಶಿಶು ರಕ್ಷಣೆಯ ಕಾನೂನು ಬಂತು. ಅಂಥ ಕೂಸುಗಳ ಅಪ್ಪಂದಿರು ಯಾರೆಂದು ಆ ಕಾನೂನು ಕೇಳಲಿಲ್ಲ.

ಕರಿಕೋಟು:
ಅತ್ತೆಯವರ ಮಾತಿಗೆ ವಿಚ್ಛೇದನದ ಕಾನೂನನ್ನೂ ಸೇರಿಸುತ್ತೇನೆ. 1857ಕ್ಕೆ ಮೊದಲು ವಿಚ್ಛೇದನ ಪಡೆದು ಮರುಮದುವೆಯಾಗಬೇಕಾದರೆ ಪಾರ್ಲಿಮೆಂಟಿನಿಂದ ಪ್ರತ್ಯೇಕ ಕಾಯಿದೆಯನ್ನೇ ಪಾಸು ಮಾಡಿಸಿಕೊಳ್ಳಬೇಕಿತ್ತು. ಅದು ಸಿರಿವಂತರಿಗೆ ಮಾತ್ರ ಸಾಧ್ಯ. 1857ರ ಕಾಯಿದೆ ಅದನ್ನು ನ್ಯಾಯಾಲಯಕ್ಕೆ ತಂದಿತು. ಆದರೆ ಗಂಡ ಹೆಂಡತಿಯ ವ್ಯಭಿಚಾರವೊಂದನ್ನೇ ಸಾಬೀತು ಮಾಡಿದರೆ ಸಾಕಾಗಿತ್ತು. ಹೆಂಡತಿಯಾದವಳು ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ, ಎರಡು ವರ್ಷ ತೊರೆದುಹೋದದ್ದನ್ನೋ, ಅಂಥ ಇನ್ನೊಂದು ಅಪರಾಧವನ್ನೋ ತೋರಿಸಬೇಕಿತ್ತು. ಈ ಭೇದ 1923ರವರೆಗೂ ಉಳಿಯಿತು. ನ್ಯಾಯಾಲಯವಿದ್ದದ್ದು ಲಂಡನ್ನಿನಲ್ಲಿ, ಖರ್ಚು ಅಪಾರ. ಹೊಡೆತ ತಿನ್ನುವ ಬಡ ಹೆಂಡತಿಗೆ ಸಿಕ್ಕಿದ್ದು 1878ರ ಕಾನೂನು. ತೀವ್ರ ಹಲ್ಲೆಗಾಗಿ ಗಂಡನಿಗೆ ಶಿಕ್ಷೆಯಾದರೆ ಮ್ಯಾಜಿಸ್ಟ್ರೇಟರು ಅವಳಿಗೆ ಬೇರೆ ವಾಸವನ್ನೂ ಜೀವನಾಂಶವನ್ನೂ ಕೊಡಿಸಬಹುದು, ಆದರೆ ಮರುಮದುವೆಯಿಲ್ಲ. ಅವಳೇ ದಾರಿ ತಪ್ಪಿದವಳೆಂದು ರುಜುವಾತಾದರೆ ಸಾಮಾನ್ಯವಾಗಿ ಜೀವನಾಂಶವೂ ಇಲ್ಲ. ಹಣವಿದ್ದವರಿಗೆ ವಿಚ್ಛೇದನ, ಇಲ್ಲದವರಿಗೆ ಬೇರ್ಪಾಡು: ಮದುವೆಯ ಪಾವಿತ್ರ್ಯಕ್ಕೂ ವರ್ಗಭೇದವಿತ್ತು.

ಚಿಕ್ಕಪೇಟೆಯವ:
ಅದನ್ನೇ ತಾನೇ ನಮ್ಮ ಮೇಲೂ ಹೇರಿದ್ದು? ದಂಡಸಂಹಿತೆಯ 497ನೇ ಕಲಮು, ವ್ಯಭಿಚಾರ ಅಪರಾಧ. ಅದು ವಿಕ್ಟೋರಿಯಾ ಕಾಲದ ಇಂಗ್ಲಿಷ್ ಕಾನೂನಿನ ನಕಲು.

ಕರಿಕೋಟು:
ನಕಲಲ್ಲ. ವ್ಯಭಿಚಾರವು ಆಗಿನ ಇಂಗ್ಲೆಂಡಿನಲ್ಲಿ ದಂಡನೀಯ ಅಪರಾಧವೇ ಆಗಿರಲಿಲ್ಲ. ಹೆಂಡತಿಯ ಜೊತೆ ಸಂಬಂಧವಿಟ್ಟುಕೊಂಡವನಿಂದ ಗಂಡ ಪರಿಹಾರದ ಹಣ ಕೇಳಬಹುದಾಗಿತ್ತು, ಅಷ್ಟೇ. ಮೆಕಾಲೆಯ 1837ರ ಕರಡಿನಲ್ಲಿಯೂ ಅದು ಅಪರಾಧವಾಗಿರಲಿಲ್ಲ. 1860ರ ಸಂಹಿತೆಗೆ ಅದನ್ನು ಆಮೇಲೆ ಸೇರಿಸಿದರು. ಗಂಡನ ದೂರಿನ ಮೇಲೆ ಪರಪುರುಷನಿಗೆ ಶಿಕ್ಷೆ, ಹೆಂಡತಿಗೆ ಶಿಕ್ಷೆಯೂ ಇಲ್ಲ, ದೂರುವ ಹಕ್ಕೂ ಇಲ್ಲ. ಹೆಂಡತಿಯನ್ನು ಗಂಡನ ಸ್ವತ್ತೆಂದು ಕಾಣುವ ದೃಷ್ಟಿ ಎರಡೂ ಕಡೆ ಒಂದೇ ಎನ್ನಬಹುದು. ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿದ್ದು 2018ರಲ್ಲಿ.

ದಂಡುಪ್ರದೇಶ:
ನಕಲು ಬೇಕಿದ್ದರೆ ನಿಜವಾದ ನಕಲನ್ನು ನಾನು ತೋರಿಸುತ್ತೇನೆ. 1864ರಲ್ಲಿ ಇಂಗ್ಲೆಂಡು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದು, 1866 ಮತ್ತು 1869ರಲ್ಲಿ ಬಿಗಿಗೊಳಿಸಿತು. ಸೈನ್ಯ ಬೀಡುಬಿಟ್ಟ ಊರುಗಳಲ್ಲಿ ಪೋಲೀಸನು ವೇಶ್ಯೆಯೆಂದು ಶಂಕಿಸಿದ ಯಾವ ಹೆಂಗಸನ್ನಾದರೂ ಬಲವಂತದ ದೇಹಪರೀಕ್ಷೆಗೆ ಒಳಪಡಿಸಬಹುದು, ಲೈಂಗಿಕ ರೋಗವಿದ್ದರೆ ಅದಕ್ಕೆಂದೇ ಇದ್ದ ಲಾಕ್ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಕೂಡಿಹಾಕಬಹುದು. ಸೈನಿಕರ ಪರೀಕ್ಷೆಯ ಮಾತೇ ಇಲ್ಲ. 1871ರ ರಾಯಲ್ ಆಯೋಗ ಇದಕ್ಕೆ ಕೊಟ್ಟ ಸಮರ್ಥನೆಯ ಸಾರ ಇಷ್ಟು: ಹೆಂಗಸು ಹಣಕ್ಕಾಗಿ ಮಾಡುತ್ತಾಳೆ, ಗಂಡಸಿಗಾದರೋ ಅದು ಸಹಜ ಪ್ರವೃತ್ತಿ.

1864ರಲ್ಲೇ ಭಾರತದ ದಂಡುಪ್ರದೇಶಗಳಿಗೂ ಇಂಥದೇ ಕಾಯಿದೆ ಬಂತು, 1868ರಲ್ಲಿ ಊರುಗಳಿಗೂ ವಿಸ್ತರಿಸಿತು. ಬೆಂಗಳೂರಿನ ದಂಡಿನಲ್ಲೂ ಲಾಕ್ ಆಸ್ಪತ್ರೆ ನಡೆಯುತ್ತಿತ್ತು. ನಾನು ದಿನವೂ ಓಡಾಡುವ ಪ್ರದೇಶದ ಚರಿತ್ರೆಯಲ್ಲಿ ಚರ್ಚು, ಕ್ಲಬ್ಬು, ಕವಾಯತು ಮೈದಾನಗಳ ವಿವರ ಬೇಕಾದಷ್ಟು ಸಿಗುತ್ತದೆ, ಆ ಆಸ್ಪತ್ರೆಯ ಹೆಸರನ್ನು ಎತ್ತುವವರು ಕಡಿಮೆ.

ಹಳೆಯ ಮೇಷ್ಟ್ರು:
ಆ ಕಾಯಿದೆಗಳನ್ನು ಇಂಗ್ಲೆಂಡಿನಲ್ಲಿ ಕೆಳಗಿಳಿಸಿದವರು ಯಾರು? ಜೋಸೆಫೀನ್ ಬಟ್ಲರ್, ಪಾದ್ರಿಯೊಬ್ಬರ ಹೆಂಡತಿ, ಕಟ್ಟಾ ದೈವಭಕ್ತೆ. 1869ರಿಂದ ಊರೂರು ತಿರುಗಿ, ಸಭ್ಯ ಹೆಂಗಸರು ಬಾಯಿಬಿಡಬಾರದ ವಿಷಯವನ್ನು ವೇದಿಕೆಯ ಮೇಲೆ ನಿಂತು ಮಾತಾಡಿ, ಕಲ್ಲು ಸಗಣಿಯ ಏಟು ತಿಂದು, 1886ರಲ್ಲಿ ಅವು ರದ್ದಾಗುವ ತನಕ ಬಿಡಲಿಲ್ಲ. ಭಾರತದ ಕಾಯಿದೆಯ ವಿರುದ್ಧವೂ ಆಕೆಯ ಬಳಗ ಹೋರಾಡಿ, 1888ರಲ್ಲಿ ಅದೂ ಹೋಯಿತು. ಗಂಡಸಿಗೂ ಹೆಂಗಸಿಗೂ ಒಂದೇ ನೀತಿ ಇರಲಿ ಎಂಬುದು ಆಕೆಯ ವಾದವಾಗಿತ್ತು. ನೀತಿಯನ್ನು ಆಕೆ ಸಡಿಲಿಸಹೋಗಲಿಲ್ಲ, ಎಲ್ಲರ ಮೇಲೂ ಸಮನಾಗಿ ಬಿಗಿಯಿರಿ ಎಂದು ಕೇಳಿದರು. ಓದುಗಿಯವರ ಪ್ರಶ್ನೆಯ ಎರಡನೆಯ ಅರ್ಧಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುತ್ತಿಲ್ಲ.

ಬೆಳವಲದ ಓದುಗಿ:
ಎಲ್ಲರಿಗೂ ಧನ್ಯವಾದ. ಬಟ್ಲರ್ ಅವರ ವಿಷಯ ನಿಜಕ್ಕೂ ಕಣ್ತೆರೆಸುವಂತಿದೆ. ಹಾಗಾದರೆ 1842ರ ಗಣಿ ಕಾನೂನನ್ನೂ ಅದೇ ಸಾಲಿನಲ್ಲಿ ಇಡಬಹುದೇ, ಮೇಷ್ಟ್ರೇ?

ಲೀಡ್ಸ್ ಕನ್ನಡಿಗ:
ಮೇಷ್ಟ್ರ ಬದಲು ನಾನು ಉತ್ತರಿಸುವ ಸಾಹಸ ಮಾಡುತ್ತೇನೆ, ಯಾರ್ಕ್‌ಶೈರಿನಲ್ಲಿ ವಾಸವಾಗಿರುವುದರಿಂದ ಈ ಗಣಿಗಳ ಕಥೆ ಇಲ್ಲಿ ಕಿವಿಗೆ ಬೀಳುತ್ತಲೇ ಇರುತ್ತದೆ. 1838ರಲ್ಲಿ ಇಲ್ಲಿನ ಸಿಲ್ಕ್‌ಸ್ಟೋನ್ ಎಂಬಲ್ಲಿ ಬಿರುಮಳೆಯ ನೀರು ನುಗ್ಗಿ, ಗಣಿಯಿಂದ ಹೊರಬರಲು ಯತ್ನಿಸುತ್ತಿದ್ದ 26 ಮಕ್ಕಳು ಸತ್ತರು. ಕತ್ತಲಲ್ಲಿ ಒಬ್ಬಂಟಿಯಾಗಿ ಕುಳಿತು ಗಾಳಿಬಾಗಿಲು ತೆರೆದು ಮುಚ್ಚುವುದು ಎಳೆಯ ಮಕ್ಕಳ ಕೆಲಸ. ಬಲಿತವರು ಸೊಂಟಕ್ಕೆ ಸರಪಳಿ ಬಿಗಿದುಕೊಂಡು ಕಲ್ಲಿದ್ದಲ ಗಾಡಿ ಎಳೆಯುತ್ತಿದ್ದರು. 1842ರಲ್ಲಿ ಆಯೋಗದ ವರದಿ ಚಿತ್ರಗಳ ಸಮೇತ ಅಚ್ಚಾಯಿತು. ಓದಿದವರನ್ನು ಹೆಚ್ಚು ಬೆಚ್ಚಿಬೀಳಿಸಿದ್ದು ಯಾವುದು? ಮಕ್ಕಳ ಸಾವಿಗಿಂತಲೂ, ಸೆಕೆಯಲ್ಲಿ ಹುಡುಗಿಯರು ಅರೆಬೆತ್ತಲೆಯಾಗಿ ಗಂಡಸರ ನಡುವೆ ದುಡಿಯುತ್ತಾರೆಂಬುದು.

ಲಾರ್ಡ್ ಆಶ್ಲಿ ತಂದ ಮಸೂದೆಯಲ್ಲಿ ಹುಡುಗರ ವಯಸ್ಸಿನ ಮಿತಿ 13 ಇತ್ತು. ಗಣಿಗಳ ಒಡೆಯರೇ ಕುಳಿತಿದ್ದ ಮೇಲ್ಮನೆ ಅದನ್ನು 10ಕ್ಕೆ ಇಳಿಸಿತು. ಹೆಂಗಸರ ವಿಷಯದಲ್ಲಿ ರಿಯಾಯಿತಿಯಿಲ್ಲದ ನಿಷೇಧ. ಅಂದರೆ ಹತ್ತು ವರ್ಷದ ಹುಡುಗ ಗಣಿಯೊಳಗೆ ಸಾಯಬಹುದು, ಮೂವತ್ತರ ವಿಧವೆ ಅಲ್ಲಿ ದುಡಿಯುವಂತಿಲ್ಲ. ಕೆಲಸ ಕಳೆದುಕೊಂಡ ಹೆಂಗಸರಿಗೆ ಪರಿಹಾರವನ್ನೂ ಕೊಡಲಿಲ್ಲ, ಬೇರೆ ಕೆಲಸವನ್ನೂ ತೋರಿಸಲಿಲ್ಲ. ಕೆಲವರು ಗಂಡಸರ ಉಡುಪು ತೊಟ್ಟು ಕದ್ದು ಇಳಿದದ್ದುಂಟು. ಮೇಲ್ವಿಚಾರಣೆಗೆ ಇಡೀ ದೇಶಕ್ಕೆ ನೇಮಿಸಿದ್ದು ಒಬ್ಬನೇ ಅಧಿಕಾರಿಯನ್ನು. ಆದ್ದರಿಂದ ನನ್ನ ಉತ್ತರ: ಸಾಲಿನಲ್ಲಿ ಇಡಬಹುದು, ಆದರೆ ಬಟ್ಲರ್ ಅವರಿಗಿಂತ ಬಹಳ ಹಿಂದೆ.

ಸುಮ್ಮನೆ ಓದುವವ:
ಆದರೂ ಆ ಹತ್ತು ವರ್ಷದೊಳಗಿನ ಮಕ್ಕಳು ಹೊರಗೆ ಬಂದರಲ್ಲ. ಉದ್ದೇಶ ಯಾವುದಾದರೇನು?

ಹಳೆಯ ಮೇಷ್ಟ್ರು:
ಇವರ ಮಾತಿಗೆ ನನ್ನ ಒಂದು ಮತ. ಇನ್ನೊಂದು ಮುಖವನ್ನು ನಾವು ಇಲ್ಲಿಯವರೆಗೂ ನೋಡಿಲ್ಲ. ನೀತಿ ಎಂಬುದು ಮೇಲಿನವರು ಕೆಳಗಿನವರಿಗೆ ಕುಡಿಸಿದ ಕಷಾಯ ಮಾತ್ರವೆಂಬಂತೆ ಎಲ್ಲರೂ ಬರೆಯುತ್ತಿದ್ದೀರಿ. ದುಡಿಯುವ ಜನಕ್ಕೆ ತಮ್ಮದೇ ಆದ ಮರ್ಯಾದೆಯ ಕಲ್ಪನೆಯಿತ್ತು, ಅದನ್ನು ಅವರು ಆಯುಧವಾಗಿಯೂ ಬಳಸಿದರು. ಮತದಾನದ ಹಕ್ಕು ಕೇಳಿದ ಚಾರ್ಟಿಸ್ಟರಲ್ಲಿ ಒಂದು ಪಂಗಡ ಕುಡಿತ ಬಿಡುವ ಪ್ರತಿಜ್ಞೆ ಮಾಡಿದ್ದು, ಕುಡುಕರಿಗೆ ಮತವೇಕೆ ಎಂಬ ಆಕ್ಷೇಪಣೆಯನ್ನೇ ಇಲ್ಲವಾಗಿಸಲು. ಸ್ವಸಹಾಯದ ಬಗ್ಗೆ ಸ್ಯಾಮ್ಯುಯೆಲ್ ಸ್ಮೈಲ್ಸ್ 1859ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಈಗ ಎಲ್ಲರೂ ಹಳಿಯುತ್ತಾರೆ. ಅದು ಮೊಳೆತದ್ದು ಲೀಡ್ಸಿನ ಕೂಲಿ ಹುಡುಗರು ತಾವೇ ಕಟ್ಟಿಕೊಂಡ ರಾತ್ರಿಶಾಲೆಯಂಥ ಸಂಘವೊಂದರಲ್ಲಿ ಮಾಡಿದ ಭಾಷಣದಿಂದ.

1844ರ ಡಿಸೆಂಬರಿನಲ್ಲಿ ರೋಚ್‌ಡೇಲಿನ 28 ಮಂದಿ, ಅವರಲ್ಲಿ ನೇಕಾರರೂ ಇದ್ದರು, ತಲಾ ಒಂದು ಪೌಂಡು ಹಾಕಿ ಅಂಗಡಿ ತೆರೆದರು. ಆ ಕಾಲದಲ್ಲಿ ರೊಟ್ಟಿಯ ಹಿಟ್ಟಿಗೆ ಪಟಿಕ ಬೆರೆಸುವುದು ಮಾಮೂಲು. ಕಲಬೆರಕೆಯಿಲ್ಲ, ತೂಕದಲ್ಲಿ ಮೋಸವಿಲ್ಲ, ಸಾಲವಿಲ್ಲ, ಲಾಭ ಖರೀದಿಗೆ ತಕ್ಕಂತೆ ಸದಸ್ಯರಿಗೆ, ಹೆಂಗಸರಿಗೂ ಸಮಾನ ಸದಸ್ಯತ್ವ. ಮಿತವ್ಯಯ, ಪ್ರಾಮಾಣಿಕತೆ, ಶಿಸ್ತು, ಇವೆಲ್ಲ ವಿಕ್ಟೋರಿಯಾ ಕಾಲದ ಗುಣಗಳೇ. ಅವುಗಳನ್ನು ಒಡೆಯರ ಕಡೆಗೆ ತಿರುಗಿಸಿ ಹಿಡಿದದ್ದು ಅವರ ಜಾಣತನ.

ಗದುಗಿನವ:
ಸಹಕಾರದ ಮಾತು ಬಂದಮೇಲೆ ಸುಮ್ಮನಿರಲಾರೆ. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘ ಆ ರೋಚ್‌ಡೇಲಿನ ಮೊಮ್ಮಗುವೇ ಅಲ್ಲವೇ?

ಲೆಕ್ಕಿಗ:
ಮೊಮ್ಮಗು ಎನ್ನುವುದಕ್ಕಿಂತ ದಾಯಾದಿ ಎನ್ನಿ. ರೋಚ್‌ಡೇಲಿನದು ಗ್ರಾಹಕರ ಅಂಗಡಿ. 1904ರ ಕಾಯಿದೆಯಡಿ ಇಲ್ಲಿ ಹುಟ್ಟಿದವು ರೈತರ ಸಾಲದ ಸಂಘಗಳು, ಅವುಗಳ ಮಾದರಿ ಜರ್ಮನಿಯ ಹಳ್ಳಿಗಳಲ್ಲಿ ಸಾಲದ ಸಂಘ ಕಟ್ಟಿದ ರೈಫೈಸನ್ನನದು.

ವಿಷಯಕ್ಕೆ ಮರಳಿದರೆ, ಇಷ್ಟು ಹೊತ್ತಾದರೂ ಯಾರೂ ಅಸಮಾನತೆಯನ್ನು ಅಳೆದು ತೋರಿಸಿಲ್ಲ. ಮೇಷ್ಟ್ರು ಹೇಳಿದ ಅದೇ ಚಾಡ್ವಿಕ್ 1842ರಲ್ಲಿ ನೈರ್ಮಲ್ಯದ ಬಗ್ಗೆ ಒಂದು ವರದಿ ಕೊಟ್ಟ. ಮ್ಯಾಂಚೆಸ್ಟರಿನಲ್ಲಿ ಸತ್ತವರ ಸರಾಸರಿ ವಯಸ್ಸು: ಗಣ್ಯರ ಕುಟುಂಬಗಳಲ್ಲಿ 38, ವ್ಯಾಪಾರಿಗಳಲ್ಲಿ 20, ಕೂಲಿಕಾರರಲ್ಲಿ 17. ಹಳ್ಳಿಗಾಡಾದ ರಟ್ಲೆಂಡಿನಲ್ಲಿ ಕ್ರಮವಾಗಿ 52, 41, 38.

ಚಿಕ್ಕಪೇಟೆಯವ:
ಹದಿನೇಳು! ಮೀಸೆ ಮೂಡುವ ಮೊದಲೇ ಸಾಯುತ್ತಿದ್ದರು ಎಂದಾಯಿತು.

ಲೆಕ್ಕಿಗ:
ಹಾಗೆ ಓದಬೇಡಿ. ಐದು ವರ್ಷ ತುಂಬುವ ಮೊದಲೇ ಸತ್ತ ಅಸಂಖ್ಯ ಕೂಸುಗಳು ಆ ಸರಾಸರಿಯನ್ನು ಕೆಳಗೆಳೆದಿವೆ. ಬಾಲ್ಯ ದಾಟಿದವನು ನಲವತ್ತು ಐವತ್ತರ ತನಕವೂ ಬದುಕುತ್ತಿದ್ದ. ಗಮನಿಸಬೇಕಾದದ್ದು ಇನ್ನೊಂದು: ರಟ್ಲೆಂಡಿನ ಕೂಲಿಕಾರ ಮತ್ತು ಮ್ಯಾಂಚೆಸ್ಟರಿನ ಗಣ್ಯ, ಇಬ್ಬರ ಅಂಕಿಯೂ 38. ಇಬ್ಬರಲ್ಲಿ ಯಾರು ಹೆಚ್ಚು ನೀತಿವಂತ ಎಂಬುದರಿಂದ ಇದನ್ನು ವಿವರಿಸಲಾಗುವುದಿಲ್ಲ. ಚರಂಡಿ, ನೀರು, ಇಕ್ಕಟ್ಟಾದ ನೆಲಮಾಳಿಗೆ ಇವೇ ಕಾರಣ. ಹೊಲಸಿನಲ್ಲಿ ಬದುಕುವವನು ಕುಡಿತಕ್ಕೆ ಬೀಳುತ್ತಾನೆ ಎಂದು ಕಾರಣ-ಕಾರ್ಯವನ್ನು ತಿರುಗಿಸಿ ಹೇಳುವ ಧೈರ್ಯ ಚಾಡ್ವಿಕ್‌ಗೂ ಬಂತು. ಎಂಟು ವರ್ಷದ ಹಿಂದೆ ವರ್ಕ್‌ಹೌಸು ಕಟ್ಟಿಸಿದ್ದು ಇದೇ ಮನುಷ್ಯ.

ಲೀಡ್ಸ್ ಕನ್ನಡಿಗ:
ಕುಡಿತದ ಮಾತಿಗೆ ಒಂದು ಸೇರ್ಪಡೆ. ಕೂಲಿಯನ್ನು ಹೆಂಡದಂಗಡಿಯಲ್ಲಿ ಬಟವಾಡೆ ಮಾಡುವ ಪದ್ಧತಿ ಹಲವು ಕಸುಬುಗಳಲ್ಲಿತ್ತು. ಗಣಿಗಳಲ್ಲಿ ಅದನ್ನು 1842ರಲ್ಲಿ ನಿಲ್ಲಿಸಿದರು, ಉಳಿದ ಕೆಲಸಗಾರರ ಪಾಲಿಗೆ 1883ರ ತನಕ ಕಾಯಬೇಕಾಯಿತು. ಶನಿವಾರ ರಾತ್ರಿ ಹೆಂಡದಂಗಡಿಯಲ್ಲಿ ಕೂಲಿ ಕೊಟ್ಟು, ಭಾನುವಾರ ಬೆಳಿಗ್ಗೆ ಕುಡಿತದ ಕೆಡುಕನ್ನು ಬೋಧಿಸುವುದು!

ಭಾನುವಾರವೂ ಹಾಗೆಯೇ. 1855ರಲ್ಲಿ ಲಂಡನ್ನಿನ ಭಾನುವಾರದ ವ್ಯಾಪಾರವನ್ನು ತಡೆಯಲು ಲಾರ್ಡ್ ರಾಬರ್ಟ್ ಗ್ರೋವ್ನರ್ ಮಸೂದೆ ತಂದರು. ಶನಿವಾರ ತಡವಾಗಿ ಕೂಲಿ ಪಡೆಯುತ್ತಿದ್ದವರಿಗೆ ಭಾನುವಾರ ಬೆಳಿಗ್ಗೆಯೇ ಸಂತೆ. ಶ್ರೀಮಂತರ ಕ್ಲಬ್ಬುಗಳಿಗೂ ಅವರ ಅಡುಗೆಯವರಿಗೂ ಗಾಡಿ ಹೊಡೆಯುವವರಿಗೂ ಆ ಪವಿತ್ರ ದಿನದ ವಿರಾಮ ಅನ್ವಯಿಸುತ್ತಿರಲಿಲ್ಲ. ಜನ ಹೈಡ್ ಪಾರ್ಕಿನಲ್ಲಿ ಸೇರಿ, ಸಾರೋಟಿನಲ್ಲಿ ವಿಹರಿಸುತ್ತಿದ್ದ ಸಿರಿವಂತರನ್ನು ಚರ್ಚಿಗೆ ಹೋಗಿರೆಂದು ಕೂಗಿ ಅಟ್ಟಿದರು, ಮಸೂದೆ ವಾಪಸಾಯಿತು. ಆದರೆ ಬ್ರಿಟಿಷ್ ಮ್ಯೂಸಿಯಮ್ಮಿನ ಬಾಗಿಲು, ಕೂಲಿಕಾರನಿಗಿದ್ದ ಒಂದೇ ರಜೆಯ ದಿನ ತೆರೆದದ್ದು 1896ರಲ್ಲಿ.

ತುಂಗಾತೀರ:
ಈ ವಿಚಾರಧಾರೆಗೆ ಇಂಗ್ಲೆಂಡಿನ ಹೊರಗೆ ಎಷ್ಟು ಬೆಲೆ ತೆತ್ತರೆಂಬುದನ್ನು ಬಿಟ್ಟರೆ ಚರ್ಚೆ ಅರ್ಧವೇ ಆಗುತ್ತದೆ. 1840ರ ದಶಕದ ಐರಿಷ್ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತಾಗ ಖಜಾನೆಯ ಹೊಣೆ ಹೊತ್ತಿದ್ದವರು ಚಾರ್ಲ್ಸ್ ಟ್ರೆವೆಲ್ಯನ್. ಕ್ಷಾಮ ದೇವರ ಕಾರ್ಯ, ಹೆಚ್ಚು ನೆರವು ಕೊಟ್ಟರೆ ಐರಿಷರ ಸ್ವಭಾವ ಕೆಡುತ್ತದೆ ಎಂಬುದು ಅವರ ನಿಲುವು. ಅದೇ ವ್ಯಕ್ತಿ 1859ರಲ್ಲಿ ಮದ್ರಾಸಿನ ಗವರ್ನರಾಗಿ ಬಂದರು.

ಆಮೇಲೆ ನಮ್ಮ ಧಾತು-ಈಶ್ವರ ಸಂವತ್ಸರಗಳ ಬರ, 1876-78. ಮೈಸೂರು ಆಗ ಬ್ರಿಟಿಷ್ ಕಮಿಷನರ ಆಳ್ವಿಕೆಯಲ್ಲಿತ್ತು. 1877ರ ಜನವರಿ 1ರಂದು ದೆಹಲಿಯಲ್ಲಿ ವೈಸ್‌ರಾಯ್ ಲಿಟ್ಟನ್ನರ ದರ್ಬಾರು ವಿಕ್ಟೋರಿಯಾರನ್ನು ಸಾಮ್ರಾಜ್ಞಿಯೆಂದು ಸಾರಿತು; ಅದೇ ತಿಂಗಳು ಬರದ ನೆರವನ್ನು ಪರಿಶೀಲಿಸಲು ಸರ್ಕಾರ ಕಳಿಸಿದ ಅಧಿಕಾರಿ ರಿಚರ್ಡ್ ಟೆಂಪಲ್ ದಕ್ಷಿಣಕ್ಕೆ ಬಂದರು. ಮೂರು ವರ್ಷ ಹಿಂದೆ ಬಿಹಾರದ ಬರದಲ್ಲಿ ಧಾರಾಳವಾಗಿ ಖರ್ಚು ಮಾಡಿ ಜೀವ ಉಳಿಸಿದ್ದಕ್ಕೆ ಬೈಸಿಕೊಂಡಿದ್ದ ಈತ, ಈ ಸಲ ಕಾಮಗಾರಿಯಲ್ಲಿ ದುಡಿಯುವ ಗಂಡಸಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಪುಡಿಗಾಸಿನ ಕೂಲಿ ಸಾಕೆಂದರು. ಮದ್ರಾಸಿನ ನೈರ್ಮಲ್ಯ ಕಮಿಷನರ್ ಡಾಕ್ಟರ್ ಕಾರ್ನಿಷ್ ಇದು ಬದುಕಿಸುವ ಅಳತೆಯಲ್ಲವೆಂದು ಪ್ರತಿಭಟಿಸಿದ ಮೇಲೆ ಅದನ್ನು ಹೆಚ್ಚಿಸಿದರು. ನೆರವು ಪಡೆಯುವವನ ಸ್ಥಿತಿ ಹೀನವಾಗಿರಬೇಕು, ಇಲ್ಲದಿದ್ದರೆ ಸೋಮಾರಿಗಳು ನುಗ್ಗುತ್ತಾರೆ ಎಂಬ 1834ರ ಸೂತ್ರವೇ ಇಲ್ಲಿ ಗಂಜಿ ಅಳೆಯಿತು. 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿಯಿತು.

ಸುಮ್ಮನೆ ಓದುವವ:
ಅದು ಮುಕ್ತ ವ್ಯಾಪಾರದ ಸಿದ್ಧಾಂತ, ಖಜಾನೆಯ ಜಿಪುಣತನ. ನೀತಿಯ ತಲೆಗೆ ಏಕೆ ಕಟ್ಟುತ್ತೀರಿ?

ತುಂಗಾತೀರ:
ಜಿಪುಣತನಕ್ಕೆ ಸಮರ್ಥನೆ ಬೇಕಲ್ಲ, ಸ್ವಾಮಿ. ಹಣವಿಲ್ಲ ಎಂದಷ್ಟೇ ಹೇಳಿದ್ದರೆ ದರ್ಬಾರಿಗೆ ಎಲ್ಲಿಂದ ಬಂತೆಂದು ಕೇಳುತ್ತಿದ್ದರು. ನಿಮ್ಮ ಒಳ್ಳೆಯದಕ್ಕೇ ಕೊಡುತ್ತಿಲ್ಲ ಎಂದರೆ ಕೇಳುವವರ ಬಾಯಿ ಕಟ್ಟುತ್ತದೆ.

ಲೆಕ್ಕಿಗ:
ಕೊನೆಗೆ ಆ ನಂಬಿಕೆಗೆ ಪೆಟ್ಟು ಕೊಟ್ಟದ್ದು ಸಮೀಕ್ಷೆ. ಹಡಗು ಕಂಪನಿಯ ಒಡೆಯ ಚಾರ್ಲ್ಸ್ ಬೂತ್ 1880ರ ದಶಕದಲ್ಲಿ ಲಂಡನ್ನಿನ ಬೀದಿಬೀದಿಯನ್ನೂ ಬಣ್ಣ ಹಚ್ಚಿ ನಕ್ಷೆ ಮಾಡಿಸಿದ. ಹಳದಿಯೆಂದರೆ ಸಿರಿವಂತರು, ಕಪ್ಪೆಂದರೆ ಅತಿ ಕೆಳಗಿನವರು, ದುರ್ನಡತೆಯವರು, ಅರೆ ಅಪರಾಧಿಗಳು. ನಕ್ಷೆಯ ಸೂಚಿಯಲ್ಲೇ ಆದಾಯವೂ ನಡತೆಯೂ ಬೆರೆತಿದ್ದವು. ಆದರೆ ಲೆಕ್ಕ ಬಂದದ್ದು ಹೀಗೆ: ಲಂಡನ್ನಿನ ಶೇಕಡ 30.7 ಜನ ಬಡತನದಲ್ಲಿದ್ದಾರೆ, ಪೂರ್ವ ಲಂಡನ್ನಿನಲ್ಲಿ ಆತ ವಿಚಾರಿಸಿದ ಕುಟುಂಬಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಬಡತನಕ್ಕೆ ಕಾರಣ ಕಡಿಮೆ ಕೂಲಿ ಅಥವಾ ಕೆಲಸದ ಅನಿಶ್ಚಿತತೆ.

1899ರಲ್ಲಿ ಯಾರ್ಕಿನಲ್ಲಿ ರೌನ್‌ಟ್ರೀ ಇನ್ನೂ ಕಟ್ಟುನಿಟ್ಟಾಗಿ ಅಳೆದ. ಐವರ ಕುಟುಂಬ ಬರೀ ಮೈಶಕ್ತಿ ಉಳಿಸಿಕೊಳ್ಳಲು ವಾರಕ್ಕೆ 21 ಷಿಲಿಂಗ್ 8 ಪೆನ್ಸ್ ಬೇಕು. ಆ ಲೆಕ್ಕದಲ್ಲಿ ಪತ್ರಿಕೆಯಿಲ್ಲ, ಹೊಗೆಸೊಪ್ಪಿಲ್ಲ, ದೂರದ ಮಗನಿಗೆ ಕಾಗದ ಬರೆಯಲು ಅಂಚೆಚೀಟಿಗೂ ಕಾಸಿಲ್ಲ. ಸಂತನಂತೆ ಬದುಕಿದರೂ ಸಾಲದಷ್ಟು ಕಡಿಮೆ ಆದಾಯದವರು ಊರಿನ ಜನಸಂಖ್ಯೆಯ ಶೇಕಡ 10ರಷ್ಟಿದ್ದರು. ಅವರಿಗೆ ಮಿತವ್ಯಯದ ಉಪದೇಶ ಮಾಡುವವನು ಇನ್ನು ಲೆಕ್ಕ ಕೊಡಬೇಕಾಯಿತು.

ಬೆಳವಲದ ಓದುಗಿ:
ಹಾಗಾದರೆ ಯೋಗ್ಯ-ಅಯೋಗ್ಯರ ವಿಂಗಡಣೆ ಅಲ್ಲಿಗೆ ಮುಗಿಯಿತು ಎನ್ನಬಹುದೇ?

ಕರಿಕೋಟು:
ಇಲ್ಲ. ರಾಣಿ ತೀರಿಕೊಂಡು ಏಳು ವರ್ಷವಾದ ಮೇಲೆ, 1908ರಲ್ಲಿ ಬಂದ ವೃದ್ಧಾಪ್ಯ ವೇತನದ ಕಾಯಿದೆಯನ್ನು ತೆಗೆದು ನೋಡಿ. ಎಪ್ಪತ್ತು ತುಂಬಿದ ಬಡವರಿಗೆ ವಾರಕ್ಕೆ 5 ಷಿಲಿಂಗ್. ಆದರೆ ಶಕ್ತಿಗೆ ತಕ್ಕಂತೆ ದುಡಿಯುವುದನ್ನು ರೂಢಿಯಾಗಿ ತಪ್ಪಿಸಿಕೊಂಡವನಿಗೂ, ಇತ್ತೀಚೆಗೆ ಜೈಲು ಕಂಡವನಿಗೂ, ಆ ವರ್ಷ ಬಡವರ ಪರಿಹಾರ ಪಡೆದವನಿಗೂ ಇಲ್ಲ.

ಹಳೆಯ ಮೇಷ್ಟ್ರು:
ಪರಿಹಾರ ಪಡೆದವರ ಮೇಲಿನ ನಿರ್ಬಂಧ 1911ರಲ್ಲಿ ಹೋಯಿತು, ವಕೀಲರೇ. ಮಿಗಿಲಾಗಿ ಆ ವೇತನವನ್ನು ಕೊಡುತ್ತಿದ್ದುದು ಅಂಚೆ ಕಚೇರಿಯಲ್ಲಿ. ವರ್ಕ್‌ಹೌಸಿನ ಮಂಡಳಿಯ ಮುಂದೆ ಕೈಕಟ್ಟಿ ನಿಲ್ಲಬೇಕಾಗಿರಲಿಲ್ಲ.

ತುಂಗಾತೀರ:
ಎಪ್ಪತ್ತರ ತನಕ ಬದುಕಿದ್ದರೆ.

ಲೆಕ್ಕಿಗ:
ಮೊದಲ ವರ್ಷ ಐದು ಲಕ್ಷಕ್ಕೂ ಮಿಕ್ಕಿ ಜನ ಬದುಕಿದ್ದು ಪಡೆದರು, ಮೇಡಂ. ಅವರಲ್ಲಿ ಹೆಚ್ಚಿನವರು ಹೆಂಗಸರು.